ಬೇಲಿ ಬ್ಯಾಟರಿಗೆ ಕೂಲಮ್ ಲೆಕ್ಕ: ನನ್ನ ಅನುಭವ

ಈ ಸಲ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ನಮ್ಮ ತೋಟದ ಸೋಲಾರ್ ಬೇಲಿ ಒಂದು ರಾತ್ರಿಯೂ ಸತ್ತಿಲ್ಲ. ಆಲೂರು, ಸಕಲೇಶಪುರದ ಕಡೆ ಆನೆ ಕಾಯುವವರಿಗೆ ಇದರ ಬೆಲೆ ಗೊತ್ತು. ‘ವೋಲ್ಟ್ ಮೀಟರ್ ಸಾಕು, ಕೂಲಮ್ ಎಣಿಸುವುದು ಮೇಷ್ಟರ ಕೆಲಸ’ ಎಂದು ನಕ್ಕವರಲ್ಲಿ ಇಬ್ಬರ ತೋಟದಲ್ಲಿ ಈಗ ನಾನು ಕಟ್ಟಿಕೊಟ್ಟ ಕೂಲಮ್ ಎಣಿಸುವ ಡಬ್ಬಿಯೇ ಕೂತಿದೆ. ಕೂಲಮ್ ಎಂದರೆ ಚಾರ್ಜಿನ ಅಳತೆ: ಒಂದು ಆಂಪಿಯರ್ ಒಂದು ಸೆಕೆಂಡು ಹರಿದರೆ ಒಂದು ಕೂಲಮ್.

ವೋಲ್ಟ್ ಮೀಟರ್ ನಂಬಿ ಹಿಂದಿನ ಮಳೆಗಾಲಗಳಲ್ಲಿ ಎರಡು ಬ್ಯಾಟರಿ ಕಳೆದುಕೊಂಡೆ. ಒಂದೊಂದಕ್ಕೆ ನಾಲ್ಕು ಸಾವಿರದ ಮೇಲೆ. ಸಂಜೆ ಪ್ಯಾನೆಲ್ ಬಿಟ್ಟ ಕೂಡಲೇ ನೋಡಿದರೆ 12.8 ತೋರಿಸುತ್ತದೆ, ಅದು ಪ್ಲೇಟಿನ ಮೇಲ್ಪದರದ ಚಾರ್ಜು, ಬೆಳಗಿನ ಜಾವಕ್ಕೆ ಉಳಿದಿರುವುದಿಲ್ಲ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಎಣಿಸದೆ ಗತ್ಯಂತರವಿಲ್ಲ.

ತೊಡಕು ಎಂದರೆ ಬ್ಯಾಟರಿ ಆಂಪಿಯರ್-ಗಂಟೆಯಲ್ಲಿ, ಸಣ್ಣ ಸೆಲ್ ಮಿಲಿಆಂಪಿಯರ್-ಗಂಟೆಯಲ್ಲಿ, ಕೆಪಾಸಿಟರ್ ಫ್ಯಾರಡ್‌ನಲ್ಲಿ ಮಾತನಾಡುತ್ತವೆ. ಎಲ್ಲವನ್ನೂ ಕೂಲಮ್‌ಗೆ ಇಳಿಸಿದೆ. ಮಿಲಿಆಂಪಿಯರ್-ಗಂಟೆಯನ್ನು 3.6ರಿಂದ ಗುಣಿಸಲು ನಾನು ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ: ನಾಲ್ಕು ಪಟ್ಟು ಮಾಡಿ ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 5,600 ಇದ್ದರೆ 22,400, ಅದರಲ್ಲಿ 2,240 ಹೋದರೆ 20,160 ಕೂಲಮ್. ಹಿಂದಕ್ಕೆ ಬರಲು ನಾಲ್ಕರಿಂದ ಭಾಗಿಸಿ, ಬಂದದ್ದಕ್ಕೆ ಅದರ ಒಂಬತ್ತನೇ ಒಂದು ಭಾಗ ಸೇರಿಸಿ.

ಬೇಲಿಯ ತಂತಿಗೆ ಶಾಕ್ ಹೊಡೆತ ಕಳಿಸುವ ಪೆಟ್ಟಿಗೆ ಎನರ್ಜೈಸರ್. ನಮ್ಮದರಲ್ಲಿ ಚಾರ್ಜು ತುಂಬಿಟ್ಟು ಒಮ್ಮೆಗೇ ಬಿಡುವ ಕೆಪಾಸಿಟರ್ 30 ಮೈಕ್ರೋಫ್ಯಾರಡ್, 400 ವೋಲ್ಟ್. ಗುಣಿಸಿದರೆ ಒಂದು ಹೊಡೆತಕ್ಕೆ 0.012 ಕೂಲಮ್. ಇದನ್ನೇ ಬ್ಯಾಟರಿಯ ಖರ್ಚು ಎಂದು ಬರೆದುಕೊಂಡರೆ ಕೆಟ್ಟಿರಿ. ನಡುವೆ ಟ್ರಾನ್ಸ್‌ಫಾರ್ಮರ್ ಇದೆ. ಅದನ್ನು ದಾಟಿ ಲೆಕ್ಕ ಹಾಕಬೇಕಾದದ್ದು ಶಕ್ತಿಯನ್ನು, ಚಾರ್ಜನ್ನಲ್ಲ. ಕೆಪಾಸಿಟರ್‌ನ ಶಕ್ತಿ 2.4 ಜೂಲ್, ನಷ್ಟ ಸೇರಿ ಸುಮಾರು 3.4, 12 ವೋಲ್ಟಿನಿಂದ ಭಾಗಿಸಿದರೆ ಹೊಡೆತಕ್ಕೆ 0.28 ಕೂಲಮ್. 1.2 ಸೆಕೆಂಡಿಗೊಂದು ಹೊಡೆತವಾದರೆ ದಿನಕ್ಕೆ 72,000 ಹೊಡೆತ, ಅಂದರೆ ಆಗಲೇ ಹೇಳಿದ ಇಪ್ಪತ್ತು ಸಾವಿರ ಚಿಲ್ಲರೆ ಕೂಲಮ್. ಹುಲ್ಲು ತಗುಲಿದರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಎಣಿಸಿ ನೋಡಿದೆ: ತಂತಿಯ ವೋಲ್ಟೇಜ್ ಕುಸಿಯಿತು, ಬ್ಯಾಟರಿಯ ಖರ್ಚು ಕದಲಲಿಲ್ಲ.

ಎಣಿಸುವ ಸಾಧನವೇ ಹೆಚ್ಚು ಕಾಡಿದ್ದು. ಮೊದಲು ಹಾಕಿದ, ಕರೆಂಟನ್ನು ಅದರ ಕಾಂತಕ್ಷೇತ್ರದಿಂದ ಅಳೆಯುವ ‘ಹಾಲ್ ಸೆನ್ಸರ್’ ಏನೂ ಹರಿಯದಿದ್ದಾಗಲೂ 20 ಮಿಲಿಆಂಪಿಯರ್ ತೋರಿಸುತ್ತಿತ್ತು. ನೋಡಲು ಪುಡಿಗಾಸು, ದಿನಕ್ಕೆ 86,400 ಸೆಕೆಂಡಿನಿಂದ ಗುಣಿಸಿದರೆ 1,728 ಕೂಲಮ್ ಇಲ್ಲದ ಖರ್ಚು. ವಾರ ಕಳೆಯುವುದರೊಳಗೆ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತಿತ್ತು. ಷಂಟ್‌ಗೆ, ಅಂದರೆ ಕರೆಂಟು ಅಳೆಯಲು ದಾರಿಯಲ್ಲಿ ಹಾಕುವ ಸಣ್ಣ ರೆಸಿಸ್ಟರ್‌ಗೆ, ಬದಲಾಯಿಸಿದ ಮೇಲೆ ಸರಿಹೋಯಿತು. ಷಂಟ್, ಬೋರ್ಡು, ನೀರು ಹೋಗದ ಡಬ್ಬಿ ಎಲ್ಲ ಸೇರಿ ಸಾವಿರದ ಇನ್ನೂರರ ಆಸುಪಾಸು. ಉಳಿದ ಚೂರುಪಾರು ಸೊನ್ನೆ ದೋಷವನ್ನು ರಾತ್ರಿ ತಾನಾಗಿಯೇ ತಿದ್ದಿಕೊಳ್ಳುವ ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಡಬ್ಬಿ ಮಾರಿ ಹಾಕಿದ ಕಾಸು ಇನ್ನೂ ಹುಟ್ಟಬೇಕು.

ಪುನರ್ವಸುವಿನ ಮುಗಿಲಿನಲ್ಲಿ 75 ವ್ಯಾಟ್ ಪ್ಯಾನೆಲ್ ದಿನಕ್ಕೆ 3 ಆಂಪಿಯರ್-ಗಂಟೆ ಕೊಟ್ಟರೆ ಪುಣ್ಯ: 10,800 ಕೂಲಮ್, ಚಾರ್ಜಿಂಗ್ ನಷ್ಟ ಕಳೆದು ಒಂಬತ್ತು ಸಾವಿರ ಚಿಲ್ಲರೆ. ದಿನಕ್ಕೆ ಹನ್ನೊಂದು ಸಾವಿರ ಕೊರತೆ. 42 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,51,200 ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಒಂದು ವಾರಕ್ಕೆ ಕಥೆ ಮುಗಿಯಿತು. ಹಗಲು ಹೊಡೆತದ ಅಂತರವನ್ನು 2.4 ಸೆಕೆಂಡಿಗೆ ಏರಿಸಿದೆ. ಖರ್ಚು ಹದಿನೈದು ಸಾವಿರಕ್ಕೆ ಇಳಿಯಿತು, ಕೊರತೆ ಆರಕ್ಕೆ. ಹನ್ನೆರಡು ದಿನ ಸಿಕ್ಕಿತು. ಅಷ್ಟರಲ್ಲಿ ಒಂದು ದಿನವಾದರೂ ಕರೆಂಟು ಬಂದೇ ಬರುತ್ತದೆ, ಆಗ ಚಾರ್ಜರ್‌ಗೆ ಹಾಕುತ್ತೇನೆ.

ನಡುವೆ ಸೂಪರ್‌ಕೆಪಾಸಿಟರ್ ಹುಚ್ಚೂ ಹಿಡಿದಿತ್ತು. 500 ಫ್ಯಾರಡ್, 2.7 ವೋಲ್ಟಿನ ಐದನ್ನು ಸಾಲಾಗಿ ಜೋಡಿಸಿದೆ. ಸಾಲಿನಲ್ಲಿ ಐದಿದ್ದರೂ ಚಾರ್ಜು ಒಂದರದ್ದೇ, 1,350 ಕೂಲಮ್, ಅಂದರೆ 375 ಮಿಲಿಆಂಪಿಯರ್-ಗಂಟೆ. ಅದರಲ್ಲೂ 13.5ರಿಂದ 10.5 ವೋಲ್ಟಿಗೆ ಇಳಿಯುವಷ್ಟರಲ್ಲಿ ಕೈಗೆ ಸಿಗುವುದು 300 ಕೂಲಮ್. ಬೇಲಿ ಇಪ್ಪತ್ತು ನಿಮಿಷ ಓಡಿತು. ಮೂರು ಸಾವಿರದ ಸಾಮಾನು ಈಗ ಬ್ಯಾಟರಿ ಬದಲಾಯಿಸುವ ಹೊತ್ತಿಗೆ ಬೇಲಿ ನಿಲ್ಲದಂತೆ ಹಿಡಿಯಲು ಮಾತ್ರ ಉಪಯೋಗಕ್ಕೆ ಬರುತ್ತಿದೆ.