ಮೂರನೇ ಕಾರ್ಬುರೇಟರ್

ಆಗಸ್ಟ್ ಮೊದಲ ವಾರ. ಮಳೆಗಾಲದ ನಿಷೇಧ ಆಗಷ್ಟೇ ಮುಗಿದಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, 10 ಹಾರ್ಸ್ ಪವರಿಗಿಂತ ದೊಡ್ಡ ಮೋಟರ್ ಇರುವ ದೋಣಿ ಮೀನಿಗೆ ಹೋಗುವ ಹಾಗಿಲ್ಲ. ನನ್ನದು 40 ಹಾರ್ಸ್ ಪವರಿನ ಹಳೇ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ತಗುಲಿಸುವ ಮೋಟರ್. ಟೂ ಸ್ಟ್ರೋಕ್, ಮೂರು ಸಿಲಿಂಡರ್, ಒಂದೊಂದಕ್ಕೂ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಒಂದೊಂದು ಕಾರ್ಬುರೇಟರ್. ಎರಡು ತಿಂಗಳು ಟಾರ್ಪಲ್ ಹೊದ್ದು ಶೆಡ್ಡಿನಲ್ಲಿ ನಿಂತಿತ್ತು. ಕಾರ್ಬುರೇಟರುಗಳ ಬಟ್ಟಲಿನಲ್ಲಿ ಮೇ ತಿಂಗಳ ಪೆಟ್ರೋಲ್ ಹಾಗೇ ಉಳಿದಿತ್ತು. ಅದನ್ನು ಖಾಲಿ ಮಾಡದೆ ಬಿಟ್ಟದ್ದು ನಾನೇ.

ಗಂಗೊಳ್ಳಿ ಹೊಳೆಯಲ್ಲಿ ಇಳಿಸಿ ಹಗ್ಗ ಎಳೆದೆ. ಆಕ್ಸಿಲರೇಟರ್ ಕೊಡದೆ ಸ್ಲೋದಲ್ಲಿ ಬಿಟ್ಟರೆ, ಚೋಕ್ ಎಳೆದಿಟ್ಟಾಗ ಮಾತ್ರ ಓಡುತ್ತದೆ, ಚೋಕ್ ಒತ್ತಿದರೆ ಸಾಯುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಓಡುತ್ತದೆ, ಆದರೆ ಅರ್ಧ ಜೀವದಲ್ಲಿ. "ಹೇಗೂ ಓಡ್ತದಲ್ವಾ, ನಾಲ್ಕು ದಿನ ಹೀಗೇ ನಡೆಸು, ತಾನಾಗಿ ಸರಿಯಾಗ್ತದೆ" ಅಂದರು ಪಕ್ಕದ ದೋಣಿಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಟೂ ಸ್ಟ್ರೋಕ್ ಮೋಟರಿನ ವಿಷಯದಲ್ಲಿ ಈ ಮಾತು ಕೇಳಿದರೆ ಕೆಟ್ಟೆವು.

ಯಾಕೆ ಅಂತ ಹೇಳುತ್ತೇನೆ. ಈ ಮೋಟರಿನ ಒಳಗೆ ಬೇರೆ ಎಣ್ಣೆ ಇಲ್ಲ. 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕುತ್ತೇವೆ. ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವುದು ಅದೇ ಆಯಿಲ್, ಬರುವುದು ಕಾರ್ಬುರೇಟರಿನ ಮೂಲಕವೇ. ಕಾರ್ಬುರೇಟರಿನ ಒಂದು ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಸ ಕಟ್ಟಿಕೊಂಡರೆ ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ, ಜೊತೆಗೆ ಎಣ್ಣೆಯೂ ಕಡಿಮೆ. ಉಳಿದ ಎರಡು ಸಿಲಿಂಡರ್ ಅದನ್ನು ಎಳೆದುಕೊಂಡು ಓಡುತ್ತಲೇ ಇರುತ್ತವೆ. ಪಿಸ್ಟನ್ ಬಿಸಿಯಾಗಿ ಹಿಡಿದುಕೊಂಡ ದಿನ ಕಡಲ ಮಧ್ಯೆ ನಿಲ್ಲಬೇಕಾಗುತ್ತದೆ. ಕಾರ್ಬುರೇಟರ್ ಕಿಟ್ಟಿನ ಖರ್ಚೆಲ್ಲಿ, ಹೊಸ ಪಿಸ್ಟನ್ ಮತ್ತು ಸಿಲಿಂಡರ್ ಕೊರೆಸುವ ಖರ್ಚೆಲ್ಲಿ?

ಚಿಕ್ಕಪ್ಪ ಒಂದು ಮಾತು ಹೇಳಿದ್ದರು: "ಮೊದ್ಲೇ ಕಾರ್ಬುರೇಟರಿಗೆ ಕೈ ಹಾಕ್ಬೇಡ ಮಾರಾಯ. ಬೇರೆದೆಲ್ಲ ಸರಿ ಇದ್ಯಾ ನೋಡು." ಹಾಗೇ ಮಾಡಿದೆ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿದೆ. ಮೂರರಲ್ಲೂ 112ರಿಂದ 115 ಪಿಎಸ್‌ಐ ಬಂತು. ಮೂರೂ ಹೆಚ್ಚುಕಮ್ಮಿ ಒಂದೇ ಇದ್ದರೆ ಸಮಾಧಾನ. ಒಂದು ತೀರಾ ಕಡಿಮೆ ಇದ್ದರೆ ಕಾರ್ಬುರೇಟರ್ ತೊಳೆದು ಪ್ರಯೋಜನವೇ ಇಲ್ಲ. ಮೂರೂ ಪ್ಲಗ್ಗಿನಲ್ಲಿ ಕಿಡಿ ಇತ್ತು. ಓಡುವಾಗ ಪೈಪಿನ ರಬ್ಬರ್ ಬಲ್ಬ್ ಒತ್ತಿ ನೋಡಿದೆ. ಒತ್ತಿದಾಗ ಮೋಟರ್ ಚುರುಕಾದರೆ ಮೋಟರಿನೊಳಗಿನ ಪೆಟ್ರೋಲ್ ಪಂಪಿನ ಮೇಲೆ ಅನುಮಾನ ಪಡಬೇಕು. ಏನೂ ಬದಲಾಗಲಿಲ್ಲ.

ಪ್ಲಗ್ ಬಿಚ್ಚಿದಾಗ ಗೊತ್ತಾಯಿತು. ಮೇಲಿನ ಎರಡು ಕಂದು ಬಣ್ಣ, ಒದ್ದೆ. ಕೆಳಗಿನದು ಒಣಗಿ ಬಿಳಿಚಿಕೊಂಡಿತ್ತು. ಗಟ್ಟಿ ಮಾಡಿಕೊಳ್ಳಲು, ಮೋಟರ್ ಓಡುತ್ತಿದ್ದಾಗ ಕೆಳಗಿನ ಕಾರ್ಬುರೇಟರಿನ ಬಾಯಿಗೆ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ಸಣ್ಣ ಬಾಟಲಿಯಿಂದ ಎರಡು ಹನಿ ಚಿಮುಕಿಸಿದೆ. ತಕ್ಷಣ ಸದ್ದು ತುಂಬಿ ಬಂತು. ಆ ಸಿಲಿಂಡರ್ ಹಸಿದಿತ್ತು, ಅಷ್ಟೇ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಮೂರನ್ನೂ ಜೋಡಿಸುವ ಸಲಾಕೆ, ಸ್ಪ್ರಿಂಗ್, ಪೈಪ್ ಯಾವುದು ಎಲ್ಲಿ ಅಂತ ನಾಳೆ ನೆನಪಿರುವುದಿಲ್ಲ. ಮೂರು ಸ್ಟೀಲ್ ತಟ್ಟೆ ಇಟ್ಟು ಒಂದೊಂದರ ಸಾಮಾನು ಒಂದೊಂದರಲ್ಲಿ ಹಾಕಿದೆ. ಇದು ಬಹಳ ಮುಖ್ಯ. ಕೆಲವು ಮೋಟರುಗಳಲ್ಲಿ ಮೂರು ಕಾರ್ಬುರೇಟರಿನ ಮೇನ್ ಜೆಟ್ ಒಂದೇ ನಂಬರಿನದು ಇರುವುದಿಲ್ಲ. ಬೆರೆತು ಹೋದರೆ ಇನ್ನೊಂದು ಸಿಲಿಂಡರ್ ಹಸಿಯುತ್ತದೆ.

ಕೆಳಗಿನ ಬಟ್ಟಲು ತೆಗೆದಾಗ ತಳದಲ್ಲಿ ನೀರಿನ ಗುಳ್ಳೆಗಳು, ಬಿಳಿ ಪುಡಿ, ಬೆಲ್ಲದ ಪಾಕದ ಬಣ್ಣದ ಅಂಟು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎಥನಾಲ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಜೂನ್, ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಪೆಟ್ರೋಲ್ ಬಿಡುತ್ತದೆಯೇ?

ಮೊದಲ ದಿನ ನಾನು ಜೆಟ್ ಮಾತ್ರ ತೆಗೆದು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಮತ್ತೆ ಜೋಡಿಸಿಬಿಟ್ಟೆ. ಫುಲ್ ಸ್ಪೀಡ್ ಸರಿಯಾಯಿತು, ಆದರೆ ಚೋಕ್ ಇಲ್ಲದೆ ಸ್ಲೋದಲ್ಲಿ ಓಡಲಿಲ್ಲ. ಸ್ಲೋದ ದಾರಿಯೇ ಬೇರೆ. ಕಾರ್ಬುರೇಟರಿನಲ್ಲಿ ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ಆಕ್ಸಿಲರೇಟರಿನ ತಟ್ಟೆಯ ಅಂಚಿನಲ್ಲಿ ಸೂಜಿ ಮೊನೆಯಷ್ಟು ತೂತುಗಳಿವೆ. ಅಲ್ಲಿಗೆ ಪೆಟ್ರೋಲ್ ಬರುವುದು ಸ್ಲೋ ಜೆಟ್ ಮತ್ತು ಮಿಕ್ಸಿಂಗ್ ಸ್ಕ್ರೂ ಮೂಲಕ. ಸ್ಕ್ರೂ ತೆಗೆಯದೆ ಆ ದಾರಿ ತೊಳೆಯಲು ಆಗುವುದಿಲ್ಲ.

ಎರಡನೇ ದಿನ ಮತ್ತೆ ಬಿಚ್ಚಿದೆ. ಮಿಕ್ಸಿಂಗ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲ ಒಳಗೆ ತಿರುಗಿಸುತ್ತಾ, ತಾಗುವ ತನಕ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟೆ. ಮೇಲಿನದು ಒಂದೂವರೆ, ನಡುವಿನದು ಒಂದೂವರೆ, ಕೆಳಗಿನದು ಒಂದೂಕಾಲು. ತಾಗಿದ ಮೇಲೆ ಬಿಗಿ ಮಾಡಬಾರದು, ಮೊನೆ ಹಾಳಾಗುತ್ತದೆ. ರಬ್ಬರ್, ಪ್ಯಾಕಿಂಗ್, ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್, ಅದು ಮೇಲೆ ಬಂದಾಗ ಪೆಟ್ರೋಲ್ ತಡೆಯುವ ನೀಡಲ್ ಎಲ್ಲ ತೆಗೆದಿಟ್ಟೆ. ಕ್ಲೀನರ್ ಅವುಗಳನ್ನು ತಿನ್ನುತ್ತದೆ. ಬರೀ ಲೋಹದ ಭಾಗಕ್ಕೆ ಸ್ಪ್ರೇ ಹೊಡೆದು ಒಂದು ಗಂಟೆ ಬಿಟ್ಟೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಮುಖಕ್ಕೇ ಹಾರುತ್ತದೆ.

ಜೆಟ್ಟಿಗೆ ಸೂಜಿ, ಸ್ಟೀಲ್ ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ನಾನು ಗಾಳದ ಸಪೂರ ನೈಲಾನ್ ಎಳೆ ಬಳಸಿದೆ. ಆಮೇಲೆ ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸಿದೆ. ಕೊನೆಗೆ ಒಂದೊಂದು ದಾರಿಗೂ ಸ್ಪ್ರೇ ಹೊಡೆದು ಆ ಸಣ್ಣ ತೂತುಗಳಿಂದ ಸರಿಯಾಗಿ ಚಿಮ್ಮುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನದರಲ್ಲಿ ಒಂದು ತೂತು ಮೂರನೇ ಸಲಕ್ಕೆ ತೆರೆಯಿತು. ಆಗ ಆದ ಸಂತೋಷ ಬಲೆ ತುಂಬ ಬಂಗುಡೆ ಬಿದ್ದಷ್ಟೇ.

ಕಿಟ್ಟಿನ ಹೊಸ ನೀಡಲ್, ಹೊಸ ಪ್ಯಾಕಿಂಗ್ ಹಾಕಿದೆ. ಪೆಟ್ರೋಲ್ ಬರುವ ಮೂತಿಗೆ ಬಾಯಿ ಇಟ್ಟು ಊದಿದೆ. ಕಾರ್ಬುರೇಟರ್ ನೆಟ್ಟಗಿದ್ದಾಗ ಗಾಳಿ ಹೋಗಬೇಕು, ತಲೆಕೆಳಗೆ ಮಾಡಿದರೆ ನಿಲ್ಲಬೇಕು. ನಂತರ ತಲೆಕೆಳಗೆ ಹಿಡಿದೇ ಫ್ಲೋಟಿನ ಎತ್ತರವನ್ನು ವರ್ನಿಯರಿನಲ್ಲಿ ಅಳೆದೆ. ಫ್ಲೋಟ್ ತನ್ನ ಭಾರಕ್ಕೆ ಕೂರಬೇಕು, ಬೆರಳಿಂದ ಒತ್ತಬಾರದು. ಕೆಳಗಿನದು ಬೇರೆ ಎರಡಕ್ಕಿಂತ 2 ಮಿ.ಮೀ. ವ್ಯತ್ಯಾಸ ಇತ್ತು. ಸಣ್ಣ ನಾಲಿಗೆಯನ್ನು ಒಂಚೂರು ಬಗ್ಗಿಸಿ ಮ್ಯಾನ್ಯುಯಲ್ಲಿನ ಅಳತೆಗೆ ತಂದೆ.

ಮೂರನ್ನೂ ಕೂರಿಸಿದ ಮೇಲೆ ಸಲಾಕೆಯ ಸ್ಕ್ರೂಗಳನ್ನು ಸಡಿಲ ಮಾಡಿ, ಮೂರೂ ಆಕ್ಸಿಲರೇಟರ್ ತಟ್ಟೆ ಪೂರ್ತಿ ಮುಚ್ಚಿರುವಾಗ ಬಿಗಿ ಮಾಡಿದೆ. ಆಕ್ಸಿಲರೇಟರ್ ಮೆಲ್ಲ ತಿರುಗಿಸಿದರೆ ಮೂರೂ ಒಟ್ಟಿಗೆ ಅಲುಗಬೇಕು. ಒಂದು ತಡವಾದರೂ ಸ್ಲೋದಲ್ಲಿ ನಡುಕ ತಪ್ಪಿದ್ದಲ್ಲ.

ಟ್ಯೂನಿಂಗ್ ಮಾತ್ರ ನೀರಿನಲ್ಲೇ ಮಾಡಬೇಕು. ಶೆಡ್ಡಿನಲ್ಲಿ ಡ್ರಮ್ಮಿಗೆ ಇಳಿಸಿ ಮಾಡಿದ್ದು ಹೊಳೆಯಲ್ಲಿ ಸುಳ್ಳಾಗುತ್ತದೆ. ದೋಣಿಯನ್ನು ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಹತ್ತು ನಿಮಿಷ ಬಿಸಿ ಮಾಡಿ, ಮುಂದಿನ ಗೇರಿನಲ್ಲಿ ಸ್ಲೋಗೆ ಇಟ್ಟೆ. ಮೂರೂ ಸ್ಕ್ರೂ ಒಂದೂವರೆ ಸುತ್ತಿನಿಂದ ಶುರು. ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತಿಗಿಂತ ಕಮ್ಮಿ, ಆಮೇಲೆ ಅರ್ಧ ನಿಮಿಷ ಕಾಯಬೇಕು. ನನ್ನದರಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಕೆಲವು ಕಾರ್ಬುರೇಟರುಗಳಲ್ಲಿ ಆ ಸ್ಕ್ರೂ ಗಾಳಿಯನ್ನು ಹಿಡಿಯುತ್ತದೆ, ಅಲ್ಲಿ ಉಲ್ಟಾ. ನಿಮ್ಮದು ಯಾವುದು ಅಂತ ಮ್ಯಾನ್ಯುಯಲ್ ನೋಡಿಕೊಳ್ಳಿ. ಪೆಟ್ರೋಲ್ ಕಮ್ಮಿಯಾದಾಗ ಕಾರ್ಬುರೇಟರಿನ ಬಾಯಿಂದ ಪಟ್ ಅಂತ ಹಿಂದಕ್ಕೆ ಹೊಡೆಯುತ್ತದೆ. ಜಾಸ್ತಿಯಾದಾಗ ಹೊಗೆ, ಗೊಗ್ಗರು ಸದ್ದು. ಎರಡರ ನಡುವೆ ಸದ್ದು ನಯವಾದ ಜಾಗ ಸಿಕ್ಕಿತು. ಅಲ್ಲಿಂದ ಪೆಟ್ರೋಲ್ ಜಾಸ್ತಿಯಾಗುವ ಕಡೆಗೆ ಒಂಚೂರು ತಿರುಗಿಸಿ ಬಿಟ್ಟೆ. ಸ್ವಲ್ಪ ಹೊಗೆ ಬಂದರೂ ಬರಲಿ, ಎಣ್ಣೆ ಸಾಲದೆ ಹೋಗಬಾರದು.

ಭರತದ ನೀರಿನಲ್ಲಿ ಅಳಿವೆಯ ಹತ್ತಿರದ ತನಕ ಫುಲ್ ಸ್ಪೀಡಿನಲ್ಲಿ ಹೋಗಿ, ಹಾಗೇ ಒಮ್ಮೆಲೇ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿದೆ. ಮೂರೂ ಬಿಸ್ಕತ್ತಿನ ಬಣ್ಣ. ಚಿಕ್ಕಪ್ಪ ಏನೂ ಹೇಳಲಿಲ್ಲ, ಮೂರನ್ನೂ ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ನೋಡಿದರು.

ಈಗ ಮೇ 31ಕ್ಕೆ ದೋಣಿ ಮೇಲೆ ತರುವ ಮೊದಲು, ಮೋಟರ್ ನೀರಿನಲ್ಲಿ ಇರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ಸ್ಲೋದಲ್ಲೇ ತಾನಾಗಿ ನಿಲ್ಲುವ ತನಕ ಓಡಿಸುತ್ತೇನೆ. ಅಷ್ಟಾದರೂ ಬಟ್ಟಲಿನ ತಳದಲ್ಲಿ ಉಳಿಯುತ್ತದೆ, ಅದಕ್ಕೆ ಮೂರರ ಡ್ರೈನ್ ಸ್ಕ್ರೂ ಬಿಚ್ಚಿ ಒಂದೊಂದನ್ನು ಒಂದೊಂದು ಗಾಜಿನ ಬಾಟಲಿಗೆ ಇಳಿಸುತ್ತೇನೆ. ಈ ಸಲ ಮೂರನೇ ಬಾಟಲಿಯ ತಳದಲ್ಲಿ ಎರಡು ಹನಿ ನೀರು ಕಂಡಿತು. ಹುಡುಕಿದರೆ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಶರ್ ಸೀಳಿತ್ತು. ಅದನ್ನು ಬದಲಾಯಿಸಿ, ಪ್ಲಗ್ಗಿನ ತೂತುಗಳಿಗೆ ಒಂದೊಂದು ಚಮಚ ಆಯಿಲ್ ಹಾಕಿ, ಕೈಯಲ್ಲಿ ನಾಲ್ಕು ಸಲ ತಿರುಗಿಸಿ ಟಾರ್ಪಲ್ ಹೊದಿಸಿದೆ.