ಪೋರ್ಟ್‌ಫೋಲಿಯೊ ತೆರೆಯುವ ಮುನ್ನ: ವಿನ್ಯಾಸದ ಕೆಲಸಕ್ಕೆ ಸಂದರ್ಶನದ ತಯಾರಿ

ನಾನು ಗ್ರಾಫಿಕ್ ವಿನ್ಯಾಸಕಿ. ಕೆಲವು ವರ್ಷಗಳಿಂದ ನಮ್ಮ ತಂಡಕ್ಕೆ ಹೊಸಬರನ್ನು ಆಯ್ಕೆ ಮಾಡುವ ಹೊಣೆಯೂ ನನ್ನದಾಗಿದೆ. ಆ ಕುರ್ಚಿಯಲ್ಲಿ ಕುಳಿತಾಗ ನನ್ನನ್ನು ಹೆಚ್ಚು ಕಾಡುವುದು ಕೆಟ್ಟ ಕೆಲಸ ತಂದವರಲ್ಲ, ಒಳ್ಳೆಯ ಕೆಲಸ ಮಾಡಿಯೂ ಅದರ ಬಗ್ಗೆ ಮಾತು ಹೊರಡದೆ ಎದ್ದು ಹೋಗುವವರು. ತಮ್ಮ ಕೆಲಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊದ ಪುಟ ತೆರೆಯುತ್ತಾರೆ, ‘ಇದೊಂದು ಪುಸ್ತಕದ ಮುಖಪುಟ’ ಎನ್ನುತ್ತಾರೆ, ಮುಂದಿನ ಪುಟಕ್ಕೆ ಹೋಗುತ್ತಾರೆ. ಅದು ಮುಖಪುಟವೆಂದು ನಮಗೂ ಕಾಣುತ್ತದೆ. ಅದು ಹೀಗೇ ಏಕಿದೆ ಎಂಬುದನ್ನು ಕೇಳಲು ನಾವು ಕಾಯುತ್ತಿರುತ್ತೇವೆ. ಆದ್ದರಿಂದ ಉಡುಪು, ಕೈಕುಲುಕುವ ರೀತಿ ಮುಂತಾದವುಗಳ ಗೊಡವೆಗೆ ಹೋಗದೆ ಈ ಒಂದು ತಯಾರಿಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ತೆಗೆದುಹಾಕಿ

ಮಾಡಿದ್ದನ್ನೆಲ್ಲ ತುಂಬಿದ ಪೋರ್ಟ್‌ಫೋಲಿಯೊ ನೋಡುವವರನ್ನು ದಣಿಸುತ್ತದೆ. ಆರರಿಂದ ಎಂಟು ಕೆಲಸಗಳು ಸಾಕು. ಅತ್ಯುತ್ತಮವಾದದ್ದು ಮೊದಲು ಬರಲಿ, ಗುಣದಲ್ಲಿ ಅದರ ನಂತರ ನಿಲ್ಲುವಂಥದ್ದು ಕೊನೆಯಲ್ಲಿರಲಿ. ಮೂರು ಲೋಗೊಗಳಿದ್ದು ಮೂರೂ ಒಂದೇ ಬಗೆಯವಾದರೆ ಎರಡನ್ನು ಬಿಡಿ. ‘ಇದನ್ನು ಅವಸರದಲ್ಲಿ ಮಾಡಿದೆ’ ಎಂದು ಸಮಜಾಯಿಷಿ ಕೊಡಬೇಕಾದ ಕೆಲಸವನ್ನಂತೂ ಇಡಲೇಬೇಡಿ.

ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಅದೇ ಪುಟದಲ್ಲಿ ಒಂದು ಸಾಲು ಬರೆಯಿರಿ: ‘ಅಕ್ಷರ ವಿನ್ಯಾಸ ಮತ್ತು ಒಳಪುಟಗಳು ನನ್ನವು, ಛಾಯಾಚಿತ್ರಗಳು ಸಹೋದ್ಯೋಗಿಯವು.’ ಹೀಗೆ ಬರೆದವರ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ. ಗೌಪ್ಯತೆಯ ಒಪ್ಪಂದಕ್ಕೆ ಒಳಪಟ್ಟ ಕೆಲಸವನ್ನು ಗುಟ್ಟಾಗಿಯೂ ತೋರಿಸಬೇಡಿ. ಹಿಂದಿನವರ ಗುಟ್ಟನ್ನು ಇಂದು ನನ್ನ ಮುಂದೆ ಇಡುವವರು ನಾಳೆ ನಮ್ಮ ಗುಟ್ಟನ್ನು ಇನ್ನೊಬ್ಬರ ಮುಂದೆ ಇಡುತ್ತಾರೆ. ಯಾರೂ ಕೇಳದೆ ನೀವಾಗಿಯೇ ಮಾಡಿದ ಅಭ್ಯಾಸದ ಕೆಲಸಗಳಿಗೆ ನನ್ನ ಆಕ್ಷೇಪವಿಲ್ಲ, ಆದರೆ ಅವು ಅಭ್ಯಾಸದವೆಂದು ಸ್ಪಷ್ಟವಾಗಿ ನಮೂದಿಸಿ.

ಒಂದು ಕೆಲಸವನ್ನು ವಿವರಿಸುವ ಬಗೆ

ಒಬ್ಬ ಯುವತಿ ಸಂದರ್ಶನದಲ್ಲಿ ಕಥಾಸಂಕಲನವೊಂದರ ಮುಖಪುಟ ತೋರಿಸಿದರು. ಅವರು ವಿವರಿಸಿದ್ದು ಹೀಗೆ: ‘ಪ್ರಕಾಶಕರು ಛಾಯಾಚಿತ್ರ ಬೇಕೆಂದಿದ್ದರು. ಹಾಕಿ ನೋಡಿದೆ. ಆನ್‌ಲೈನ್ ಮಳಿಗೆಯಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟಾಗುತ್ತದೆ, ಆ ಅಳತೆಯಲ್ಲಿ ಛಾಯಾಚಿತ್ರದಲ್ಲಿದ್ದ ಮುಖ ಬರೀ ಮಸುಕು ಚುಕ್ಕೆಯಂತೆ ಕಂಡಿತು. ಛಾಯಾಚಿತ್ರವಿರುವ ಮತ್ತು ಇಲ್ಲದ ಎರಡು ಮುಖಪುಟಗಳನ್ನೂ ಅದೇ ಅಳತೆಗೆ ಇಳಿಸಿ ಅವರ ಮುಂದಿಟ್ಟೆ, ಛಾಯಾಚಿತ್ರ ಬೇಡವೆಂದು ಅವರೇ ಹೇಳಿದರು. ಲೇಖಕಿಗೆ ಓದುಗರು ಇದ್ದಾರೆ, ಅದಕ್ಕೆ ಹೆಸರನ್ನು ಶೀರ್ಷಿಕೆಗಿಂತ ದೊಡ್ಡದು ಮಾಡಿದೆ. ಮೊದಲ ಪ್ರೂಫಿನಲ್ಲಿ, ಅಂದರೆ ಪರೀಕ್ಷಾ ಮುದ್ರಣದಲ್ಲಿ, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಬಂದ ಮೇಲೆ ಕಡುನೀಲಿ ಕಪ್ಪಾಗಿಯೇ ಕಂಡಿತು, ಹಾಗಾಗಿ ನೀಲಿಯನ್ನು ತಿಳಿಗೊಳಿಸಿದೆ.’ ನಂತರ ಆ ಮೊದಲ ಪ್ರೂಫನ್ನೂ ಚೀಲದಿಂದ ತೆಗೆದು ಅಚ್ಚಾದ ಪುಸ್ತಕದ ಪಕ್ಕದಲ್ಲಿಟ್ಟರು. ಎರಡು ನೀಲಿಗಳ ನಡುವಿನ ವ್ಯತ್ಯಾಸ ಮೇಜಿನ ಮೇಲೆಯೇ ಇತ್ತು. ಅವರ ವಿವರಣೆ ಎರಡು ನಿಮಿಷವೂ ಆಗಿರಲಿಲ್ಲ, ಆದರೆ ಅವರ ಜೊತೆ ಕೆಲಸ ಮಾಡುವುದು ಹೇಗಿರುತ್ತದೆಂದು ನಮಗೆ ಆಗಲೇ ತಿಳಿದಿತ್ತು.

ನೀವೂ ಪ್ರತಿ ಕೆಲಸಕ್ಕೂ ಇಂಥ ಟಿಪ್ಪಣಿ ಮಾಡಿಕೊಳ್ಳಿ. ಯಾರಿಗಾಗಿ ಮಾಡಿದ್ದು, ಏನು ಅಡ್ಡಿಯಿತ್ತು, ಯಾವ ದಾರಿಯನ್ನು ಕೈಬಿಟ್ಟಿರಿ, ಏಕೆ, ಕೊನೆಗೆ ಏನಾಯಿತು. ಇವುಗಳಲ್ಲಿ ಕೈಬಿಟ್ಟ ದಾರಿಯೇ ನನಗೆ ಮುಖ್ಯ. ಬೇರೆ ಸಾಧ್ಯತೆಯನ್ನು ನೋಡಿದ್ದವರು ಮಾತ್ರ ಆಯ್ಕೆ ಮಾಡಿರುತ್ತಾರೆ. ಆದ್ದರಿಂದ ಕರಡುಗಳನ್ನು ಎಸೆಯಬೇಡಿ, ಪೆನ್ಸಿಲ್ಲಿನ ಒಂದೆರಡು ಹಾಳೆಗಳ ಚಿತ್ರವನ್ನು ಪೋರ್ಟ್‌ಫೋಲಿಯೊದಲ್ಲೇ ಸೇರಿಸಿ.

ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರ ಹೊಸದಾಗಿ ಬಿಡಿಸಿದಾಗ ರೈಲು ಸಂಸ್ಥೆಯವರು ಮೊದಲು ಅದನ್ನು ಒಪ್ಪಲಿಲ್ಲ. 1933ರಲ್ಲಿ ಅಚ್ಚಾಗಿ ಜನರ ಕೈಸೇರಿದ ಮೇಲೆ ಅದು ಇಂಥ ನಕ್ಷೆಗಳಿಗೆಲ್ಲ ಮಾದರಿಯಾಯಿತು. ಅದರ ಹಿಂದಿನ ತರ್ಕ ಒಂದೇ ವಾಕ್ಯದ್ದು: ನೆಲದಡಿಯಲ್ಲಿ ಸಾಗುವವರಿಗೆ ನಿಜವಾದ ದೂರ ಬೇಡ, ನಿಲ್ದಾಣಗಳ ಅನುಕ್ರಮ ಮತ್ತು ಎಲ್ಲಿ ಗಾಡಿ ಬದಲಿಸಬೇಕೆಂಬುದು ಬೇಕು. ನಿಮ್ಮ ಪ್ರತಿ ಕೆಲಸಕ್ಕೂ ಅಂಥದೊಂದು ವಾಕ್ಯ ಹುಡುಕಿ. ಸಿಗದಿದ್ದರೆ ಆ ಕೆಲಸದ ಬಗ್ಗೆ ಇನ್ನಷ್ಟು ಯೋಚಿಸಬೇಕಿದೆ ಎಂದರ್ಥ.

ಈಗ ನಿಮ್ಮ ಟಿಪ್ಪಣಿಗಳನ್ನು ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಕೇಳಿ. ‘ಚೆನ್ನಾಗಿ ಕಾಣುತ್ತದೆಂದು’, ‘ನನಗೆ ಇಷ್ಟವಾಯಿತೆಂದು’ ಎಂಬ ಮಾತುಗಳು ಬಂದ ಕಡೆಯಲ್ಲೆಲ್ಲ ನಿಲ್ಲಿಸಿ, ಅದರ ಬದಲಿಗೆ ಕಾರಣವನ್ನು ಹೇಳಿ. ‘ತಿಳಿಬೂದು ಅಕ್ಷರಗಳು ಸೊಗಸಾಗಿದ್ದವು, ಆದರೆ ಹಿನ್ನೆಲೆಯೊಂದಿಗೆ 4.5:1ರಷ್ಟು ಕಾಂಟ್ರಾಸ್ಟ್ ಬರಲಿಲ್ಲ, ಅದಕ್ಕೆ ಗಾಢ ಮಾಡಿದೆ’ ಎಂದರೆ ಅದು ಕಾರಣ. ಕಾಂಟ್ರಾಸ್ಟ್ ಎಂದರೆ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವಿನ ಅಂತರ; ದೃಷ್ಟಿ ಮಂದವಾದವರಿಗೂ ಓದಲು ಸುಲಭವಾಗಲೆಂದು ಜಾಲತಾಣದ ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಸುಗಮ್ಯತೆಯ ಮಾರ್ಗಸೂಚಿ ‘ಎಎ’ ಎಂಬ ಮಧ್ಯಮ ಮಟ್ಟದಲ್ಲಿ ಕೇಳುವ ಕನಿಷ್ಠ ಅನುಪಾತ ಅದೇ. ವಿಡಿಯೊ ಸಂಕಲನಕಾರರು ಒಂದು ಕಟ್ ಅಲ್ಲಿಯೇ ಏಕೆ ಬಂತೆಂದು, ಜಾಹೀರಾತು ಬರಹಗಾರರು ಒಂದು ಸಾಲಿನಿಂದ ಯಾವ ಪದ ತೆಗೆದರೆಂದು ಹೀಗೆಯೇ ಹೇಳಬಹುದು.

ಕಡತಗಳು

ಬೇರೆಯವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಒತ್ತಕ್ಷರಗಳೆಲ್ಲ ಚದುರಿಹೋದ ಪುಟಗಳನ್ನು ನೋಡಿದ್ದೇನೆ, ಪಾಪ, ಅಭ್ಯರ್ಥಿಯ ಮುಖ ನೋಡಲಾಗುವುದಿಲ್ಲ. ಪಿಡಿಎಫ್ ಮಾಡಿ. ಅಕ್ರೋಬ್ಯಾಟ್ ರೀಡರಿನಲ್ಲಿ ಕಡತದ ಗುಣಲಕ್ಷಣಗಳನ್ನು ತೆರೆದರೆ ಫಾಂಟುಗಳ ಪಟ್ಟಿ ಸಿಗುತ್ತದೆ, ಪ್ರತಿ ಹೆಸರಿನ ಪಕ್ಕ ‘ಎಂಬೆಡೆಡ್’ (ಫಾಂಟ್ ಕಡತದೊಳಗೇ ಸೇರಿದೆ) ಎಂದಿರಬೇಕು. ಮುದ್ರಣಕ್ಕಾಗಿ ಸಿಎಂವೈಕೆಯಲ್ಲಿ (ನಾಲ್ಕು ಶಾಯಿಗಳ ಬಣ್ಣಪದ್ಧತಿ) ಮಾಡಿದ ಚಿತ್ರಗಳನ್ನು ಪರದೆಗಾಗಿ ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಬೆಳಕಿನ ಪದ್ಧತಿ) ಬದಲಿಸಿಕೊಂಡು ಬಣ್ಣಗಳನ್ನು ಮತ್ತೊಮ್ಮೆ ನೋಡಿ. ಲಿಂಕ್ ಕಳಿಸುವುದಾದರೆ ನಿಮ್ಮ ಖಾತೆಗೆ ಲಾಗಿನ್ ಆಗಿರದ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ಪರೀಕ್ಷಿಸಿ. ನಿಮ್ಮ ಖಾತೆಯಲ್ಲಿ ತೆರೆದುಕೊಳ್ಳುವ ಕಡತ ಬೇರೆಯವರಿಗೆ ಅನುಮತಿ ಕೇಳುತ್ತಿರಬಹುದು. ಅಂತರ್ಜಾಲ ಇಲ್ಲದೆಯೂ ತೋರಿಸುವಂತೆ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಕಡತದ ಹೆಸರಿನಲ್ಲಿ ನಿಮ್ಮ ಹೆಸರು ಇರಲಿ.

ಖಂಡಿತ ಬರುವ ಪ್ರಶ್ನೆಗಳು

‘ನಮ್ಮ ಕೆಲಸಗಳಲ್ಲಿ ಯಾವುದನ್ನು ಬದಲಿಸುತ್ತೀರಿ?’ ಎಂದು ನಾನು ಕೇಳಿಯೇ ಕೇಳುತ್ತೇನೆ. ಹೊಗಳಿಕೆ ಕೇಳಲು ಕೇಳುವ ಪ್ರಶ್ನೆ ಇದಲ್ಲ. ಸಂಸ್ಥೆಯ ಇತ್ತೀಚಿನ ಒಂದು ಕೆಲಸವನ್ನು ನಿಧಾನವಾಗಿ ನೋಡಿ, ನಮಗೆ ಯಾವ ಒತ್ತಡ ಇದ್ದಿರಬಹುದೆಂದು ಊಹಿಸಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಗ್ರಾಹಕರು ನಿಮ್ಮ ಕೆಲಸವನ್ನು ತಿರಸ್ಕರಿಸಿದ ಪ್ರಸಂಗವನ್ನೂ ಕೇಳುತ್ತಾರೆ. ಅವರಿಗೆ ಅಭಿರುಚಿಯಿಲ್ಲ ಎಂಬ ಉತ್ತರ ಬಂದರೆ ನಾನು ಹಿಂಜರಿಯುತ್ತೇನೆ. ಅವರ ಆಕ್ಷೇಪದಲ್ಲಿ ಯಾವ ನಿಜವಿತ್ತು, ಅದನ್ನು ಹೇಗೆ ಒಳಗೊಂಡಿರಿ ಎಂದು ಹೇಳಿ. ಕೃತಕ ಬುದ್ಧಿಮತ್ತೆಯ ಸಾಧನ ಬಳಸಿದ್ದರೆ ಯಾವ ಹಂತದಲ್ಲಿ, ಎಷ್ಟು ಎಂದು ತಾವಾಗಿಯೇ ತಿಳಿಸುವುದು ಒಳ್ಳೆಯದು.

ನೀವೂ ಕೇಳಿ. ಅಂತಿಮ ಒಪ್ಪಿಗೆ ಯಾರದು? ಒಂದು ಕೆಲಸಕ್ಕೆ ಸಾಮಾನ್ಯವಾಗಿ ಎಷ್ಟು ಸಲ ತಿದ್ದುಪಡಿ ಬರುತ್ತದೆ? ಈ ಹುದ್ದೆಯಲ್ಲಿದ್ದವರು ಏಕೆ ಬಿಟ್ಟರು? ಸಂಬಳದ ಮಾತಿಗೆ ಮೊದಲೇ ಒಂದು ಮೊತ್ತ ನಿಶ್ಚಯಿಸಿಕೊಂಡು ಹೋಗಿ.

ಪರೀಕ್ಷಾ ಕೆಲಸ

ಆಯ್ಕೆಗೆ ಮೊದಲು ಸಂಸ್ಥೆಗಳು ಅಭ್ಯರ್ಥಿಯಿಂದ ಮಾಡಿಸುವ ಪರೀಕ್ಷಾ ಕೆಲಸದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆಲವೇ ಗಂಟೆಗಳಲ್ಲಿ ಮುಗಿಯುವ, ಕಾಲ್ಪನಿಕ ಸಮಸ್ಯೆಯ ಪರೀಕ್ಷೆ ನ್ಯಾಯವಾದದ್ದು. ನಿಜವಾದ ಗ್ರಾಹಕರಿಗಾಗಿ ಇಡೀ ಅಭಿಯಾನವನ್ನು ಬಿಟ್ಟಿಯಾಗಿ ಮಾಡಿಸಿಕೊಳ್ಳುವುದು ನ್ಯಾಯವಲ್ಲ, ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾದರೂ. ಒಪ್ಪುವ ಮೊದಲು ಮೂರು ಸಂಗತಿಗಳನ್ನು ಇಮೇಲಿನಲ್ಲಿ ವಿನಯದಿಂದ ಕೇಳಿ: ಎಷ್ಟು ಸಮಯ ನಿರೀಕ್ಷಿಸುತ್ತೀರಿ, ಸಂಭಾವನೆ ಇದೆಯೇ, ಆಯ್ಕೆಯಾಗದಿದ್ದರೆ ಈ ಕೆಲಸದ ಹಕ್ಕು ಯಾರದು. ಉತ್ತರ ಲಿಖಿತವಾಗಿ ಬಂದ ಮೇಲೆ ಕೆಲಸ ಆರಂಭಿಸಿ. ಒಪ್ಪಿಸುವಾಗ ತಿದ್ದಬಲ್ಲ ಮೂಲ ಕಡತಗಳ ಬದಲು ಪಿಡಿಎಫ್ ಕಳಿಸಿ, ಜೊತೆಗೆ ಕೈಬಿಟ್ಟ ಒಂದು ದಾರಿಯನ್ನೂ ಅದರ ಕಾರಣವನ್ನೂ ಅರ್ಧ ಪುಟದಲ್ಲಿ ಬರೆದು ಸೇರಿಸಿ. ನಾನಂತೂ ಮೊದಲು ಓದುವುದು ಆ ಅರ್ಧ ಪುಟವನ್ನೇ.