ಉಬ್ಬಿದ ನರಕ್ಕೆ ಚಿಕಿತ್ಸೆ: ರಜೆ ಎಷ್ಟು ದಿನ, ಕಾಲು ಸರಿಹೋಗಲು ಎಷ್ಟು ದಿನ?

ವೆರಿಕೋಸ್ ವೇನ್ಸ್‌ಗೆ ಚಿಕಿತ್ಸೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಎಷ್ಟು ದಿನ ರಜೆ ಹಾಕಬೇಕು? ರಜೆಯ ಲೆಕ್ಕ ಸುಲಭ. ಕಾಲು ನೋಡಲು ಚೆನ್ನಾಗಿ ಕಾಣುವ ದಿನದ ಲೆಕ್ಕವೇ ಬೇರೆ. ಎರಡನ್ನೂ ಬೆರೆಸಿಕೊಂಡವರು ಎರಡನೇ ವಾರ ಕಾಲು ನೋಡಿಕೊಂಡು ಸುಮ್ನೆ ಗಾಬರಿಯಾಗುತ್ತಾರೆ.

ನಾವು 'ನರ ಉಬ್ಬಿದೆ' ಅಂತೀವಿ, ಅಲ್ವಾ? ಅದು ರಕ್ತವನ್ನು ಹೃದಯದ ಕಡೆಗೆ ಒಯ್ಯುವ ನಾಳ. ರಕ್ತ ಕೆಳಗೆ ಜಾರದಂತೆ ಅದರೊಳಗೆ ಪುಟ್ಟ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ತುಂಬಿಕೊಂಡು ನಾಳ ಹಿಗ್ಗುತ್ತದೆ, ಸೊಟ್ಟಗಾಗುತ್ತದೆ. ಕೆಟ್ಟ ಕವಾಟವನ್ನು ಯಾವ ಎಣ್ಣೆಯೂ ಸರಿಮಾಡುವುದಿಲ್ಲ. ಹಾಗಾಗಿ ಆ ನಾಳವನ್ನು ಮುಚ್ಚುತ್ತಾರೆ, ಇಲ್ಲವೇ ತೆಗೆಯುತ್ತಾರೆ. ಕಾಲಿನ ಹೆಚ್ಚಿನ ರಕ್ತ ಆಳದ ನಾಳಗಳಲ್ಲೇ ಹರಿಯುವುದರಿಂದ ತೊಂದರೆಯಿಲ್ಲ.

ಮೊದಲು ಡಾಪ್ಲರ್ ಸ್ಕ್ಯಾನ್

ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಇದು. ಸಾಮಾನ್ಯವಾಗಿ ರೋಗಿಯನ್ನು ನಿಲ್ಲಿಸಿಕೊಂಡೇ ಮಾಡುತ್ತಾರೆ. ಮೀನಖಂಡದಲ್ಲಿ ಗಂಟು ಕಂಡರೂ ಕವಾಟದ ಸೋರಿಕೆ ತೊಡೆಸಂದಿನಲ್ಲಿರಬಹುದು. ಕಣ್ಣಿಗೆ ಕಂಡದ್ದಕ್ಕಷ್ಟೇ ಚಿಕಿತ್ಸೆ ಮಾಡಿಸಿದರೆ ಮತ್ತೆ ಉಬ್ಬುವ ಸಾಧ್ಯತೆ ಜಾಸ್ತಿ. ಸ್ಕ್ಯಾನ್ ಆಗುವ ಮೊದಲೇ ಚಿಕಿತ್ಸೆಗೆ ದಿನ ಗೊತ್ತುಮಾಡಬೇಡಿ.

ಆಮೇಲೆ ದಾರಿ ಆರಿಸಿಕೊಳ್ಳಿ

ಸಣ್ಣ ನಾಳಗಳಿಗೆ ಔಷಧಿಯನ್ನು ಹಾಗೆಯೇ ಅಥವಾ ನೊರೆ ಮಾಡಿ ನಾಳದೊಳಗೆ ಇಂಜೆಕ್ಷನ್ ಕೊಟ್ಟರೆ ಸಾಕಾಗುತ್ತದೆ. ಅದೇ ದಿನ ಮನೆಗೆ, ಒಂದೆರಡು ದಿನದಲ್ಲಿ ಕೆಲಸಕ್ಕೆ. ಆದರೆ ಗೆರೆ ಮಾಯವಾಗಲು ವಾರಗಳು, ದಪ್ಪ ನಾಳವಾದರೆ ಕೆಲವು ತಿಂಗಳು ಬೇಕು. ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು.

ದೊಡ್ಡ ನಾಳಕ್ಕೆ ಈಗ ಹೆಚ್ಚಾಗಿ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ. ಸೂಜಿ ಚುಚ್ಚಿದಷ್ಟು ತೂತು, ಅದರೊಳಗೆ ತೆಳು ತಂತಿ, ಸುತ್ತಲೂ ಹಲವು ಕಡೆ ಚುಚ್ಚಿ ಮರಗಟ್ಟಿಸುವ ದ್ರವ. ಬಿಸಿಗೆ ನಾಳ ಮುಚ್ಚಿಕೊಳ್ಳುತ್ತದೆ. ಸುಮಾರು ಒಂದು ಗಂಟೆಯ ಕೆಲಸ. ಕೂತು ಮಾಡುವ ಕೆಲಸದವರು ಎರಡು ಮೂರು ದಿನಕ್ಕೆ ಹೋಗಬಹುದು. ಭಾರ ಎತ್ತುವವರು ಒಂದೆರಡು ವಾರ ತಡೆಯಬೇಕು. ಅಂಟು ಹಾಕಿ ಮುಚ್ಚುವ ವಿಧಾನವೂ ಇದೆ, ಅಲ್ಲಿ ಇಷ್ಟೊಂದು ಚುಚ್ಚುವುದಿಲ್ಲ. ಕೊಯ್ದು ನಾಳ ಎಳೆದು ತೆಗೆಯುವ ಹಳೆಯ ಆಪರೇಷನ್ ಆದರೆ ಒಂದರಿಂದ ಮೂರು ವಾರ ರಜೆ ಬೇಕಾಗುತ್ತದೆ.

ಸ್ಟಾಕಿಂಗ್ಸ್ ಎಂಬ ಜಗಳ

ಬಿಗಿ ಕಾಲುಚೀಲವನ್ನು ಕೆಲವರಿಗೆ ಕೆಲವೇ ದಿನ, ಕೆಲವರಿಗೆ ಎರಡು ವಾರ ಹಾಕಲು ಹೇಳುತ್ತಾರೆ. ಮಾಮೂಲಿ ಚೀಲದಂತೆ ಎಳೆದರೆ ಬರುವುದಿಲ್ಲ. ಕೈ ಒಳಗೆ ಹಾಕಿ ಹಿಮ್ಮಡಿ ಭಾಗ ಹಿಡಿದು, ಅಲ್ಲಿಯವರೆಗೆ ಒಳಭಾಗ ಹೊರಗೆ ಬರುವಂತೆ ತಿರುಗಿಸಿ. ಪಾದ ತೂರಿಸಿ ಹಿಮ್ಮಡಿ ಸರಿಯಾಗಿ ಕೂರಿಸಿ. ಮಿಕ್ಕಿದ್ದನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಮೇಲ್ತುದಿ ಮಡಚಲೇಬೇಡಿ, ಅದು ದಾರ ಬಿಗಿದಂತೆ ಒತ್ತುತ್ತದೆ. ಕಾಲಿಗೆ ರಕ್ತ ತರುವ ನಾಳಗಳಲ್ಲಿ ತಡೆಯಿದ್ದರೆ ಇದು ಅಪಾಯ. ಡಾಕ್ಟರನ್ನು ಕೇಳದೆ ಹಾಕಬಾರದು.

ನಂತರದ ದಿನಗಳು

ಮೊದಲ ದಿನದಿಂದಲೇ ನಡೆಯಿರಿ. ಮಲಗಿಯೇ ಇರುವುದು ವಿಶ್ರಾಂತಿಯಲ್ಲ, ರಕ್ತ ಹೆಪ್ಪುಗಟ್ಟಲು ಅವಕಾಶ. ಲೇಸರ್ ಆದವರಿಗೆ ವಾರ ಕಳೆದ ಮೇಲೆ ತೊಡೆಯೊಳಗೆ ಹಗ್ಗ ಎಳೆದು ಕಟ್ಟಿದಂತೆ ಅನಿಸಬಹುದು. ಮುಚ್ಚಿದ ನಾಳ ಗಟ್ಟಿಯಾಗಿ ಕುಗ್ಗುತ್ತಿರುವ ಗುರುತು ಅದು. ಗಾಬರಿಯ ಫೋನುಗಳೆಲ್ಲ ಬರುವುದು ಈ ಹೊತ್ತಿನಲ್ಲೇ! ನೀಲಿ ಕಲೆ ಎರಡು ಮೂರು ವಾರ ಇರುತ್ತದೆ. ಕಂದು ಕಲೆ ಮಾತ್ರ ತಿಂಗಳುಗಟ್ಟಲೆ ಸತಾಯಿಸುತ್ತದೆ.

ನೋವಿಲ್ಲದೆ ಬ್ರೇಕ್ ಗಟ್ಟಿಯಾಗಿ ತುಳಿಯಲು ಆಗುವವರೆಗೆ ಗಾಡಿ ಓಡಿಸಬೇಡಿ. ದೂರದ ವಿಮಾನ ಪ್ರಯಾಣವಿದ್ದರೆ ಚಿಕಿತ್ಸೆಗೆ ಮೊದಲೇ ಹೇಳಿ.

ಒಂದು ಕಾಲಿನ ಮೀನಖಂಡ ಊದಿ ನೋವು ಏರುತ್ತಿದ್ದರೆ ಅವತ್ತೇ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಮರುಸ್ಕ್ಯಾನ್‌ಗೆ ಕರೆದಾಗ 'ಆರಾಮಾಗಿದ್ದೀನಲ್ಲ' ಎಂದು ತಪ್ಪಿಸಿಕೊಳ್ಳಬೇಡಿ. ನಾಳ ಪೂರ್ತಿ ಮುಚ್ಚಿದೆಯೇ, ಆಳದ ನಾಳದಲ್ಲಿ ಹೆಪ್ಪು ಇದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ.